ಮೈಸೂರು ದಳದ ವಿಮಾನ

ನಮ್ಮ ಚಿತ್ರದುರ್ಗವೂ ಸೇರಿದ್ದ ಮೈಸೂರು ಸಂಸ್ಥಾನದ ಕೊಡುಗೆಯಿಂದ ಬ್ರಿಟಿಷ್ ವಾಯುಪಡೆಯಲ್ಲಿ ಒಂದು ಯುದ್ಧವಿಮಾನ ದಳವೇ ನಿಂತಿತ್ತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ೧೯೪೧ರ ಜೂನ್‌ನಲ್ಲಿ ಹುಟ್ಟಿದ ೧೨೯ನೆಯ ‘ಮೈಸೂರು’ ದಳವದು, ಲಾಂಛನ ಗಂಡಭೇರುಂಡ! ಅದರ ಸ್ಪಿಟ್‌ಫೈರ್ ವಿಮಾನದ ಪುಟ್ಟ ಮಾದರಿಯೊಂದನ್ನು, ಎಪ್ಪತ್ತೆರಡರಲ್ಲೊಂದು ಅಳತೆಗೆ, ನಾನು ಮಾಡಿದೆನು. ರೆಕ್ಕೆ ತುದಿಯಿಂದ ತುದಿಗೆ ಆರಂಗುಲ. ಜೋಡಿಸುವುದು ಸುಲಭ, ಬಣ್ಣವೇ ಕಷ್ಟ. ಆ ವರ್ಷದ ಆಗಸ್ಟ್‌ನಲ್ಲಿ ಯುದ್ಧವಿಮಾನಗಳ ಮೇಲ್ಮೈಯ ಕಂದು ಹೋಗಿ ಬೂದು ಬಂದಿತು. ಹಸುರು ಮಾತ್ರ ಉಳಿಯಿತು. ಕಪ್ಪು-ಬಿಳುಪು ಛಾಯಾಚಿತ್ರದಲ್ಲಿ ಕಂದಾವುದು, ಬೂದಾವುದು? ಚಿತ್ರದ ತಾರೀಖನ್ನೇ ನಂಬಬೇಕು. ಆಗಸ್ಟ್ ಕಳೆದ ಮೇಲಿನ ಬಣ್ಣವನ್ನಾರಿಸಿ, ದಳದ ಗುರುತಾದ ‘ಡಿ ವಿ’ ಅಕ್ಷರಗಳನ್ನು ಬರೆದೆನು. ಗಂಡಭೇರುಂಡವನ್ನೂ ಬಿಡಿಸೆಂದು ಗೆಳೆಯರ ಒತ್ತಾಯ. ಆಸೆ ನನಗೂ ಇಲ್ಲದಿಲ್ಲ. ಆದರೆ ಲಾಂಛನ ದಳದ್ದು. ವಿಮಾನದ ಮೈಮೇಲೆ ಅದನ್ನು ಕಣ್ಣಾರೆ ಕಾಣುವವರೆಗೂ ನಾನು ಕುಂಚವೆತ್ತಲಾರೆ.