ಬಾದಾಮಿಯ ಮೆಟ್ಟಿಲು, ಬನಶಂಕರಿಯ ರೊಟ್ಟಿ ಮತ್ತು ನನ್ನ ಕೊಲೆಸ್ಟ್ರಾಲ್

ಬಾದಾಮಿಗೆ ಹೋಗಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ತಾನೇ ಇದ್ದೆ. ಕೊನೆಗೂ ಟ್ರೈನ್ ಟಿಕೆಟ್ ಬುಕ್ ಮಾಡಿದ್ದು ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಬಂದ ವಾರ. ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, 164. ನೂರರ ಒಳಗಿದ್ದರೆ ಒಳ್ಳೇದು.

ನಂಬಲಿಕ್ಕೇ ಆಗಲಿಲ್ಲ. ವಾರಕ್ಕೆ ನಾಲ್ಕು ದಿನ ಐದು ಕಿಲೋಮೀಟರ್ ಓಡ್ತೀನಿ. ಹೊಟ್ಟೆ ಬಂದಿಲ್ಲ, ಸಿಗರೇಟ್ ಇಲ್ಲ. ಆದರೆ ಅಪ್ಪನಿಗೆ 52ನೇ ವಯಸ್ಸಿಗೇ ಸ್ಟೆಂಟ್ ಹಾಕಿದ್ದು ನೆನಪಾಗಿ ಆ ರಾತ್ರಿ ನಿದ್ದೆ ಬರಲಿಲ್ಲ.

ಡಾಕ್ಟರ್ ನೇರವಾಗಿ ಹೇಳಿದ್ರು: “ಓಡೋದು ನಿಲ್ಲಿಸಬೇಡಿ, ಹೃದಯಕ್ಕೆ ಅದು ಬೇಕೇ ಬೇಕು. ಟ್ರೈಗ್ಲಿಸರೈಡ್ ಇಳಿಯುತ್ತೆ, ಒಳ್ಳೆ ಕೊಲೆಸ್ಟ್ರಾಲ್ ಸ್ವಲ್ಪ ಏರುತ್ತೆ. ಆದರೆ ಎಲ್‌ಡಿಎಲ್ ಬರೀ ಓಟಕ್ಕೆ ಹೆಚ್ಚು ಬಗ್ಗಲ್ಲ. ತಟ್ಟೆಯಲ್ಲಿ ಏನಿದೆ ನೋಡಿ. ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡೋಣ.”

ನನ್ನ ತಟ್ಟೆಯಲ್ಲಿ ಇದ್ದದ್ದು ಬೆಣ್ಣೆ ದೋಸೆ, ಕ್ಯಾಂಟೀನಿನ ಬಿಳಿ ಅನ್ನ, ಸಂಜೆ ಪಫ್ಸ್, ರಾತ್ರಿ ಆ್ಯಪ್‌ನಿಂದ ತರಿಸಿದ ಬಿರಿಯಾನಿ. ತರಕಾರಿ ಅಂದ್ರೆ ಸಾಂಬಾರಿನಲ್ಲಿ ತೇಲೋ ಎರಡು ಹೋಳು!

ಬಾದಾಮಿಯಲ್ಲಿ ಬೆಳಿಗ್ಗೆಯೇ ಗುಹೆಗಳ ಮೆಟ್ಟಿಲು ಹತ್ತಿದೆ. ಕೆಂಪು ಮರಳುಗಲ್ಲನ್ನು ಕೊರೆದು ಮಾಡಿದ ನಾಲ್ಕು ಗುಹೆಗಳು. ಮೂರನೆಯದರಲ್ಲಿ ಚಾಲುಕ್ಯ ಮಂಗಲೇಶ ಹಾಕಿಸಿದ 578ರ ಶಾಸನ ಇದೆ. ಅಲ್ಲಿಂದ ಇಳಿದು, ಅಗಸ್ತ್ಯ ತೀರ್ಥದ ದಂಡೆ ಸುತ್ತಿ, ಎದುರಿನ ಕೋಟೆ ಗುಡ್ಡವನ್ನೂ ಹತ್ತಿ ಮೇಲಿನ ಶಿವಾಲಯದವರೆಗೆ ಹೋದೆ. ಕಾಲು ಸೋಲಲಿಲ್ಲ. ಇಷ್ಟು ಗಟ್ಟಿ ಇರೋ ನನಗೆ ಆ ರಿಪೋರ್ಟ್ ಯಾಕೆ ಅನ್ನೋ ಸಿಟ್ಟು ಮಾತ್ರ ಜೊತೆಗೇ ಹತ್ತಿತು.

ಮಧ್ಯಾಹ್ನ ಆಟೋದಲ್ಲಿ ಬನಶಂಕರಿಗೆ ಹೋದೆ, ಸುಮಾರು ಐದು ಕಿಲೋಮೀಟರ್. ದೇವಸ್ಥಾನದ ಹತ್ತಿರ ಸುತ್ತಲಿನ ಹಳ್ಳಿಗಳ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ ಊಟ ತಂದು ಮಾರ್ತಾರೆ. ಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಅಗಸಿ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಮರದ ನೆರಳಲ್ಲಿ ಕೂತೆ.

“ಎರಡ ರೊಟ್ಟಿಗೇ ಸಾಕಾತೇನ ತಮ್ಮಾ? ಕಾಳಿನ ಪಲ್ಯಾ ಇನ್ನಷ್ಟ ಹಾಕ್ಲಿ?”

“ಹಾಕಿ ಅಮ್ಮ. ಮನೇಲೂ ದಿನಾ ಇದೇ ಊಟಾನಾ?”

“ಮತ್ತೇನ? ಹೊಲಕ್ಕ ಹೋಗಾವ್ರಿಗೆ ಬರೇ ಅನ್ನ ಎಲ್ಲಿ ತಡೀತೈತಿ? ನೀರ ಭಾಳ ಕುಡೀಬೇಕ ಮತ್ತ.”

ವಾಪಸ್ ಟ್ರೈನಿನಲ್ಲಿ ಕೂತು ಓದಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಮ್ಮಿ. ಆದರೆ ಜೋಳದ್ದು ಹೆಚ್ಚಾಗಿ ಕರಗದ ನಾರು, ಅದು ಹೊಟ್ಟೆ ಸಲೀಸು ಮಾಡುತ್ತೆ. ಎಲ್‌ಡಿಎಲ್ ಇಳಿಸೋದು ನೀರಲ್ಲಿ ಕರಗೋ ನಾರು. ಅದು ಕಾಳು, ಅಗಸೆ, ಬೆಂಡೆಕಾಯಿ, ಸೀಬೆಹಣ್ಣು, ಓಟ್ಸ್‌ನಲ್ಲಿ ಸಿಗುತ್ತೆ. ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತರಸ ಮಾಡುತ್ತೆ. ಸಾಮಾನ್ಯವಾಗಿ ಕರುಳು ಅದರ ಬಹುಪಾಲನ್ನು ವಾಪಸ್ ಹೀರಿಕೊಳ್ಳುತ್ತೆ. ಕರಗೋ ನಾರು ಲೋಳೆಯಾಗಿ ಅದರಲ್ಲಿ ಒಂದಿಷ್ಟನ್ನು ಹಿಡಿದು ಹೊರಗೆ ಸಾಗಿಸುತ್ತೆ. ಆಗ ಹೊಸ ಪಿತ್ತರಸಕ್ಕಾಗಿ ಲಿವರ್ ರಕ್ತದಿಂದಲೇ ಎಲ್‌ಡಿಎಲ್ ಎಳೆದುಕೊಳ್ಳುತ್ತೆ. ದಿನಕ್ಕೆ 5ರಿಂದ 10 ಗ್ರಾಂ ಕರಗೋ ನಾರು ತಿಂದರೆ ಎಲ್‌ಡಿಎಲ್ ಸುಮಾರು ಶೇ 5ರಷ್ಟು ಇಳಿಯಬಹುದು. ಪವಾಡ ಅಲ್ಲ, ಆದರೆ ಕೈಯಲ್ಲಿರೋ ಕೆಲಸ.

ಬೆಂಗಳೂರಿಗೆ ಬಂದ ಮೇಲೆ ಪಫ್ಸ್, ಬಿರಿಯಾನಿ ಕಮ್ಮಿ ಮಾಡಿದೆ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಡಬ್ಬಿಯಲ್ಲಿ ರೊಟ್ಟಿ, ಕಾಳು ಪಲ್ಯ, ಸಂಜೆ ಸೀಬೆ. ಮೊದಲ ವಾರ ಒಂದೇ ಸಲಕ್ಕೆ ಜಾಸ್ತಿ ತಿಂದು ಹೊಟ್ಟೆ ಉಬ್ಬರಿಸಿ ಒದ್ದಾಡಿದೆ. ಆಗ ನೆನಪಾಯ್ತು ಅಮ್ಮ ಹೇಳಿದ ನೀರಿನ ಮಾತು. ನೀವು ಶುರು ಮಾಡೋದಾದ್ರೆ ನಿಧಾನಕ್ಕೆ ಹೆಚ್ಚಿಸಿ.

ಮೂರು ತಿಂಗಳಿಗೆ ಎಲ್‌ಡಿಎಲ್ 143. ಮನೆತನದಲ್ಲೇ ಹೃದಯದ ತೊಂದರೆ ಇರೋದ್ರಿಂದ ಮುಂದೆ ಮಾತ್ರೆ ಬೇಕಾಗಬಹುದು ಅಂದ್ರು ಡಾಕ್ಟರ್. ಬೇಕಾದ್ರೆ ತಗೊಳ್ತೀನಿ. ಓಟ ಹಾಗೇ ಇದೆ, ಆದರೆ “ಓಡ್ತೀನಲ್ಲ, ನನಗೇನಾಗುತ್ತೆ” ಅನ್ನೋ ಧಿಮಾಕು ಹೋಗಿದೆ.

ಕಳೆದ ವಾರ ಅಪ್ಪನಿಗೂ ಒಂದು ಡಬ್ಬಿ ಅಗಸಿ ಚಟ್ನಿ ಕಳಿಸಿದೆ. “ಖಾರ ಜಾಸ್ತಿ ಆಯ್ತಲ್ಲೋ” ಅಂತ ಫೋನ್ ಮಾಡಿದ್ರು. ಡಬ್ಬಿ ಮಾತ್ರ ಆಗಲೇ ಅರ್ಧ ಖಾಲಿಯಂತೆ.