ಬೀಗ ನಂದು, ಕೀನೂ ನಂದೇ

ಪವರ್ ಪ್ರೆಸ್ ಶಾಪ್‌ನಲ್ಲಿ ಮೇಂಟೆನೆನ್ಸ್ ನೋಡ್ಕೊಳ್ಳೋದು ನನ್ನ ಕೆಲಸ. ಹೊಸದಾಗಿ ಸೇರಿದ ಹುಡುಗರಿಗೆ ಸೇಫ್ಟಿ ಅಂದ್ರೆ ಹೆಲ್ಮೆಟ್, ಗ್ಲೌಸ್, ಗೋಡೆ ಮೇಲಿನ ‘ಎಚ್ಚರಿಕೆ’ ಬೋರ್ಡು. ನಿಜ ಹೇಳ್ಬೇಕಂದ್ರೆ ಇವೆಲ್ಲ ಕೊನೆಯಲ್ಲಿ ಬರುವಂಥವು. ಮೊದಲ ಪ್ರಶ್ನೆ, ಕೈ ಅಲ್ಲಿಗೆ ಹೋಗಲೇಬೇಕಾ? ಶೀಟನ್ನು ಫೀಡರ್ ತಳ್ಳಿದರೆ ಡೈ ಹತ್ತಿರ ಬೆರಳಿಗೆ ಕೆಲಸವೇ ಇಲ್ಲ. ಅದು ಆಗದಿದ್ದರೆ ಗಾರ್ಡ್. ಅದೂ ಸಾಲದಿದ್ದಾಗ ಬೋರ್ಡು, ಗ್ಲೌಸು. ತಿರುಗೋ ಡ್ರಿಲ್ ಪಕ್ಕದಲ್ಲಂತೂ ಗ್ಲೌಸೇ ಅಪಾಯ, ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳ್ಕೊಂಡು ಹೋಗುತ್ತೆ.

ನಮ್ಮ ಪ್ರೆಸ್‌ಗಳಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರಷ್ಟೇ ರ‍್ಯಾಮ್ ಇಳಿಯುತ್ತೆ. ಬಟನ್ ಎಷ್ಟು ದೂರದಲ್ಲಿದೆ ಅನ್ನೋದೂ ಮುಖ್ಯ. ಐಎಸ್ಓ 13855ರ ಲೆಕ್ಕದಲ್ಲಿ ಕೈ ಸೆಕೆಂಡಿಗೆ 1.6 ಮೀಟರ್ ಚಲಿಸುತ್ತೆ ಅಂತ ಹಿಡೀತಾರೆ. ಪ್ರೆಸ್ ನಿಲ್ಲೋಕೆ ಅರ್ಧ ಸೆಕೆಂಡ್ ಬೇಕಾದ್ರೆ ಕೈ ಅಷ್ಟರಲ್ಲಿ 80 ಸೆಂಟಿಮೀಟರ್ ದಾಟಿರುತ್ತೆ. ಕನಿಷ್ಠ ಅಷ್ಟಾದರೂ ದೂರ ಬೇಕು.

ಹಿಂದೆ ನಾನಿದ್ದ ಒಂದು ಶಾಪ್‌ನಲ್ಲಿ ಒಂದು ಬಟನ್‌ಗೆ ಐಸ್‌ಕ್ರೀಂ ಕಡ್ಡಿ ಸಿಕ್ಕಿಸಿ ಇಟ್ಟಿದ್ರು. ಪೀಸ್ ಲೆಕ್ಕದ ಸಂಬಳ. ಒಂದು ಕೈ ಬಿಡುವಾದರೆ ಸಂಜೆಗೆ ಪೀಸ್ ಹೆಚ್ಚು. ಪ್ರತಿ ಸ್ಟ್ರೋಕ್ ಆದಮೇಲೆ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಲೇಬೇಕು ಅನ್ನೋ ಕಂಟ್ರೋಲ್ ಸರ್ಕ್ಯೂಟ್ ಇದ್ದಿದ್ರೆ ಈ ಕಡ್ಡಿ ಆಟ ನಡೀತಿರಲಿಲ್ಲ. ಆ ಪ್ರೆಸ್‌ನಲ್ಲಿದ್ದ ಅಣ್ಣನ ಎಡಗೈಯಲ್ಲಿ ಈಗ ಮೂರೇ ಬೆರಳು. ಶರ್ಟ್ ಗುಂಡಿ ಹಾಕೋಕೂ ಹೆಂಡತಿಯನ್ನ ಕರೀತಾರೆ. ವರದಿಯಲ್ಲಿ ‘ಆಪರೇಟರ್ ನಿರ್ಲಕ್ಷ್ಯ’ ಅಂತ ಬರೆದು ಮುಗಿಸಿದರು. ಟಾರ್ಗೆಟ್ ಹಾಕಿದವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೆಲಸಕ್ಕೆ ಅಡ್ಡ ಬರೋ ಗಾರ್ಡನ್ನ ಯಾರಾದ್ರೂ ಬಿಚ್ಚೇ ಬಿಚ್ತಾರೆ, ಇದು ಡಿಸೈನ್ ಮಾಡೋವಾಗಲೇ ಗೊತ್ತಿರಬೇಕಾದ ವಿಷಯ.

ರಿಪೇರಿ ಇನ್ನೊಂದು ಕಥೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಕರೆಂಟ್ ಹೋದಮೇಲೂ ಫ್ಲೈವೀಲ್ ತಿರುಗ್ತಾ ಇರುತ್ತೆ, ಏರ್ ಲೈನಲ್ಲಿ ಒತ್ತಡ ಉಳಿದಿರುತ್ತೆ, ಮೇಲೆ ನಿಂತ ರ‍್ಯಾಮ್ ತನ್ನ ತೂಕಕ್ಕೇ ಇಳೀಬಹುದು. ಹಾಗಾಗಿ ಮೇನ್ ಐಸೊಲೇಟರ್‌ಗೆ ನನ್ನ ಬೀಗ ಹಾಕಿ, ಫ್ಲೈವೀಲ್ ನಿಲ್ಲೋವರೆಗೂ ಕಾದು, ರ‍್ಯಾಮ್ ಕೆಳಗೆ ಬ್ಲಾಕ್ ಇಟ್ಟು, ಗಾಳಿ ಖಾಲಿ ಮಾಡಿ, ಆಮೇಲೆ ಸ್ಟಾರ್ಟ್ ಒತ್ತಿ ನೋಡ್ತೀನಿ. ಏನೂ ಅಲ್ಲಾಡದಿದ್ದರೆ ಮಾತ್ರ ಕೈ ಒಳಗೆ. ಮೂವರು ಕೆಲಸ ಮಾಡ್ತಿದ್ರೆ ಮೂರು ಬೀಗ.

“ಐದು ನಿಮಿಷದ ಕೆಲಸ, ಬೀಗ ಯಾಕ್ರೀ?” ಅಂತ ಸೂಪರ್‌ವೈಸರ್ ಇವತ್ತಿಗೂ ಕೇಳ್ತಾರೆ. ಕೀ ಮಾತ್ರ ನನ್ನ ಜೇಬಲ್ಲೇ ಇರುತ್ತೆ, ಮಧ್ಯೆ ಟೀ ಕುಡಿಯೋಕೆ ಹೋದ್ರೂ.