ಚೊಗರು ಕಣೇ ಇದು!

ಹೊಸನಗರ
ಎಳ್ಳಮಾವಾಸ್ಯೆಯ ಮರುದಿನ

ಪುಟ್ಟಿ, ಕೊನೆಕೊಯ್ಲು ಅರ್ಧ ಮುಗಿದಿದೆ.

ದೀಪಾವಳಿಗೆ ಬಂದಾಗ ನನ್ನ ಪಂಚೆಗಳ ಹಿಂದೆ ಬಚ್ಚಿಟ್ಟು ಹೋದೆಯಲ್ಲ, ಆ ವೈನಿನ ಬಾಟಲಿ ಮೊನ್ನೆ ತೆಗೆದೆವು. ‘ಐದು ಯೂರೋದ್ದು ಅಪ್ಪಯ್ಯ, ಸೇರದಿದ್ದರೆ ಚೆಲ್ಲಿಬಿಡು’ ಅಂದಿದ್ದೆ. ಐದು ಯೂರೋ ಅಂದರೆ ಹೆಚ್ಚುಕಮ್ಮಿ ಒಂದು ಕೆ.ಜಿ. ರಾಶಿ ಅಡಿಕೆಯ ದುಡ್ಡು ಮಾರಾಯ್ತಿ, ಚೆಲ್ಲುವುದಕ್ಕೆ ಮನಸ್ಸು ಬರುತ್ತದಾ?

ಮನೆಯೊಳಗೆ ಬೇಡ ಅಂದಳು ಅಮ್ಮ. ಸುಲಿಯುವವರೆಲ್ಲ ಹೋದ ಮೇಲೆ ಅಡಿಕೆ ಬೇಯಿಸುವ ಒಲೆಯ ಹತ್ತಿರ ಕೂತೆವು. ಬಿರಡೆ ಕೀಳುವ ಸಾಮಾನು ನಮ್ಮಲ್ಲಿ ಎಲ್ಲಿಂದ ಬರಬೇಕು? ಹಿಂದಿನ ವಾರ ಮಂಡಿಗೆಂದು ಸಾಗರಕ್ಕೆ ಹೋದವನು ‘ವೈನ್ಸ್’ ಅಂತ ಬೋರ್ಡಿದ್ದ ಅಂಗಡಿಯಲ್ಲಿ ಕೇಳಿದ್ದೆ. ಒಳಗಿರುವುದೆಲ್ಲ ಬ್ರಾಂದಿ, ವಿಸ್ಕಿ; ಬಿಯರಿನ ಮುಚ್ಚಳ ತೆಗೆಯುವುದನ್ನು ಕೊಟ್ಟ. ಕಡೆಗೆ ಸೌಟಿನ ಹಿಡಿಯಿಂದ ಬಿರಡೆಯನ್ನು ಒಳಗೇ ತಳ್ಳಿದೆ. ಪುಸಕ್ಕನೆ ಹಾರಿ ಅಂಗಿಯೆಲ್ಲ ಕೆಂಪು. ಚೂರು ತೇಲುತ್ತಿತ್ತು, ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆವು.

ಸ್ಟೀಲ್ ಲೋಟದಲ್ಲಿ ಬಣ್ಣವೂ ಕಾಣಲಿಲ್ಲ, ಪರಿಮಳವೂ ಗೊತ್ತಾಗಲಿಲ್ಲ. ಗಾಜಿನ ಲೋಟಕ್ಕೆ ಕಾಲುಭಾಗ ಹಾಕಿ, ನೀನು ತೋರಿಸಿದ ಹಾಗೆ ಗಿರ್ರನೆ ತಿರುಗಿಸಿ ಅಮ್ಮನ ಮೂಗಿಗೆ ಹಿಡಿದೆ. ‘ನೇರಳೆಹಣ್ಣು ಬುಟ್ಟಿಯಲ್ಲೇ ಎರಡು ದಿನ ಮರೆತರೆ ಹೀಗೇ ವಾಸನೆ’ ಅಂದಳು. ನಾನು ಒಂದು ಗುಟುಕು ಕುಡಿದೆ. ಮೊದಲು ಹುಳಿ. ಆಮೇಲೆ ನಾಲಿಗೆ, ಒಸಡು, ಕೆನ್ನೆಯ ಒಳಗೆಲ್ಲ ಬಿಗಿದುಕೊಂಡಿತು. ನುಂಗಿದರೂ ಬಿಡಲಿಲ್ಲ.

ಚೊಗರು ಕಣೇ ಇದು!

ಎದುರಿಗೇ ಹಂಡೆಯಲ್ಲಿ ನಾಲ್ಕು ಸಲ ಅಡಿಕೆ ಬೆಂದು ಡಿಕಾಕ್ಷನ್ನಿನ ಹಾಗೆ ದಪ್ಪಗಾದ ಚೊಗರು. ಬೆರಳು ಅದ್ದಿ ನಾಲಿಗೆಗಿಟ್ಟೆ. ಅದೇ ಒಗರು, ಹತ್ತು ಪಟ್ಟು. ನೀನು ಅರ್ಧ ಗಂಟೆ ಟ್ಯಾನಿನ್ ಟ್ಯಾನಿನ್ ಅಂತ ವಿವರಿಸಿದ್ದು ಇದನ್ನೇ ಅಂತ ಒಂದೇ ಮಾತಲ್ಲಿ ಹೇಳಬಾರದಿತ್ತಾ? ನಿಮ್ಮಲ್ಲಿ ಅದು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಇಳಿಯುತ್ತದೆ, ನಮ್ಮಲ್ಲಿ ಎಳೆ ಅಡಿಕೆಯಿಂದ. ಎಂಜಲಿನ ಜಾರುವ ಗುಣವನ್ನು ಹಿಡಿದುಬಿಡುತ್ತದೆ, ಅದಕ್ಕೇ ಬಾಯಿ ಒಣಗುವುದು. ಹೆಗ್ಗೋಡಿನ ಚರಕದವರು ಅಡಿಕೆ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟುತ್ತಾರಲ್ಲ, ನಿನ್ನ ವೈನೇನು ಕಡಿಮೆಯಿಲ್ಲ. ಅಂಗಿಯ ಕಲೆ ಎರಡು ಒಗೆತಕ್ಕೂ ಹೋಗಿಲ್ಲ.

ಬಾಟಲಿಯ ಚೀಟಿ ಓದಲು ಭೂತಗನ್ನಡಿ ಬೇಕಾಯಿತು. ಮೊಂಟೆಪುಲ್ಚಾನೊ ದಬ್ರುಟ್ಸೊ. ಮೊದಲನೆಯದು ದ್ರಾಕ್ಷಿಯ ಹೆಸರು, ಎರಡನೆಯದು ಇಟಲಿಯ ಒಂದು ಸೀಮೆಯದು. ಮೊಂಟೆಪುಲ್ಚಾನೊ ಅಂತಲೇ ಟಸ್ಕನಿಯಲ್ಲಿ ಒಂದು ಊರಿದೆ, ಅಲ್ಲಿನ ವೈನು ಬೇರೆ ದ್ರಾಕ್ಷಿಯದು ಅಂದೆಯಲ್ಲ, ಇಂಥ ತರಲೆ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಚೀಟಿಯಲ್ಲಿರುವ ಡಿ.ಒ.ಸಿ. ಅಂದರೆ ಅಪ್ಪೆಮಿಡಿಗೆ ಸಿಕ್ಕ ಜಿ.ಐ. ಇದ್ದ ಹಾಗೆ ತಾನೇ? ಅಬ್ರುಟ್ಸೊದವರಿಗೆ 1968ರಲ್ಲೇ ಸಿಕ್ಕಿದೆ.

ರಾತ್ರಿ ಮಲಗಿದ ಮೇಲೆ ಇನ್ನೊಂದು ಹೊಳೆಯಿತು. ಮಳೆಗಾಲದಲ್ಲಿ ಅಡಿಕೆ ಕೊನೆಗಳಿಗೆ ಹೊಡೆಸುತ್ತೇವಲ್ಲ ಬೋರ್ಡೋ ದ್ರಾವಣ, ಅದು ಫ್ರಾನ್ಸಿನ ದ್ರಾಕ್ಷಿಸೀಮೆಯ ಹೆಸರು. ಅಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗುಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೆಲಸಕ್ಕಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಕೊಳೆರೋಗಕ್ಕೆ ಹೊಡೆಸಿದರು. ಅದಕ್ಕೆ ಮೊದಲು ಮಳೆ ತಾಗದಂತೆ ಕೊನೆಕೊನೆಗೂ ಕೊಟ್ಟೆ ಕಟ್ಟಬೇಕಿತ್ತು. ಅಮ್ಮನನ್ನು ಎಬ್ಬಿಸಿ, ‘ತೋಟ ಉಳಿದದ್ದೇ ವೈನಿನವರ ಔಷಧದಿಂದ, ಒಂದು ಲೋಟ ಕುಡಿದರೆ ತಪ್ಪೇನೇ?’ ಅಂದೆ. ‘ಔಷಧ ಹೊಡೆದಿದ್ದು ಮರಕ್ಕೆ’ ಅಂದು ಮಗ್ಗುಲು ಬದಲಿಸಿದಳು.

ಮೊದಲ ದಿನ ನಿಜಕ್ಕೂ ಸೇರಲಿಲ್ಲ. ಒಲೆಯ ಬದಿಗೆ ಇಟ್ಟು ಬಿಸಿ ಮಾಡಿಕೊಂಡಿದ್ದು ನನ್ನದೇ ತಪ್ಪು, ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯಿತು. ರಾತ್ರಿಯಿಡೀ ಜಗುಲಿಯ ಚಳಿಯಲ್ಲಿದ್ದು ಮರುದಿನ ಅದೇ ವೈನು ಬೇರೆಯಾಗಿತ್ತು. ಕೊಬ್ಬರಿ ಎಣ್ಣೆಯಲ್ಲಿ ಕರಿದ ಹಲಸಿನ ಹಪ್ಪಳ ಒಂದು ಕಡಿ, ಒಂದು ಗುಟುಕು. ಎಣ್ಣೆ, ಉಪ್ಪು ಸೇರಿ ಚೊಗರು ಮೆತ್ತಗಾಗಿ, ಅಮ್ಮ ಹೇಳಿದ ನೇರಳೆ ನನಗೂ ಸಿಕ್ಕಿತು. ಮಿಡಿ ಉಪ್ಪಿನಕಾಯಿ ಮಾತ್ರ ಕೂಡದು, ಖಾರವೂ ಒಗರೂ ಜಗಳಕ್ಕೆ ಬಿದ್ದು ಗಂಟಲು ಉರಿಯಿತು. ಅಮ್ಮ ‘ಹಪ್ಪಳ ಸರಿ ಇದೆಯಾ ನೋಡುತ್ತೇನೆ’ ಅಂತ ಬಂದವಳು ನನ್ನ ಲೋಟದಿಂದ ಎರಡು ಗುಟುಕು ಕುಡಿದಳು. ತೀರ್ಥಹಳ್ಳಿ ಅತ್ತೆ ಜಾತ್ರೆಗೆ ಕರೆದಿದ್ದಳು. ಅವಳ ಮೂಗು ನಿನಗೆ ಗೊತ್ತಲ್ಲ, ಅಡಿಕೆ ಕೆಲಸ ಅಂತ ಹೇಳಿ ತಪ್ಪಿಸಿಕೊಂಡೆವು.

ಬಾಟಲಿ ಖಾಲಿಯಾಗಿದೆ. ಅಮ್ಮ ಬಿಸಿನೀರಲ್ಲಿ ತೊಳೆದು ಜೇನುತುಪ್ಪ ತುಂಬಿ ಅಡುಗೆಮನೆಯಲ್ಲೇ ಇಟ್ಟಿದ್ದಾಳೆ. ಬಿರಡೆ ಹೊರಗೆ ಬರಲೊಲ್ಲದು, ಜೇನಿನ ಮೇಲೆ ತೇಲುತ್ತಿದೆ.

ನಿನ್ನ
ಅಪ್ಪಯ್ಯ